ನಲ್ಲಿ ನೀರಿನಲ್ಲಿ ಸೀಸ, ತಾಮ್ರ: ಕಲೆ ಮತ್ತು ಕಹಿಯಿಂದ ಲ್ಯಾಬ್ ರಿಪೋರ್ಟ್‌ವರೆಗೆ

ತಾಮ್ರ ಹೆಚ್ಚಾದರೆ ಮನೆಯವರಿಗೆ ಗೊತ್ತಾಗುತ್ತದೆ. ಬೇಸಿನ್‌ನಲ್ಲಿ ನೀಲಿ-ಹಸಿರು ಕಲೆ ಕೂರುತ್ತದೆ, ಬೆಳಗಿನ ನೀರು ಕಹಿಯಾಗುತ್ತದೆ. ಸೀಸ ಹಾಗಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನೀರಿನಲ್ಲಿ ಸೇರುವ ಪ್ರಮಾಣದಲ್ಲಿ ರುಚಿಯೂ ಇಲ್ಲ. ಆದರೆ ಎರಡೂ ಬರುವುದು ಸಾಮಾನ್ಯವಾಗಿ ಒಂದೇ ದಾರಿಯಲ್ಲಿ: ನೀರು ರಾತ್ರಿಯೆಲ್ಲ ಹಿತ್ತಾಳೆ ನಲ್ಲಿ, ಬೆಸುಗೆ, ಪೈಪುಗಳಲ್ಲಿ ನಿಂತು ಲೋಹವನ್ನು ಕರಗಿಸಿಕೊಳ್ಳುತ್ತದೆ. ಆದ್ದರಿಂದ ತಾಮ್ರದ ಗುರುತು ಕಂಡ ಮನೆಯಲ್ಲಿ ಸೀಸವನ್ನೂ ಅಳೆಯಿಸಬೇಕು. ತಾಮ್ರದ ಗುರುತು ಇಲ್ಲ ಎಂದಮಾತ್ರಕ್ಕೆ ಸೀಸವಿಲ್ಲ ಎಂದು ಬಿಡುವಂತಿಲ್ಲ.

ಅಳತೆಗೋಲು ಮೊದಲೇ ಗೊತ್ತಿರಲಿ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500:2012ರ ಪ್ರಕಾರ ಸೀಸ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು, ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ತಾಮ್ರಕ್ಕೆ ಒಪ್ಪಬಹುದಾದ ಮಿತಿ 0.05, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ. ವಿಶ್ವ ಆರೋಗ್ಯ ಸಂಸ್ಥೆ ಸೀಸಕ್ಕೆ ಇದೇ 0.01 ಇಟ್ಟುಕೊಂಡಿದೆ, ತಾಮ್ರಕ್ಕೆ 2. ಸೀಸದ 0.01 ಮತ್ತು ತಾಮ್ರದ 1.5ರ ನಡುವೆ ಇರುವ ಈ ನೂರೈವತ್ತು ಪಟ್ಟು ಅಂತರವೇ ಮುಂದಿನ ಎಲ್ಲ ಗೊಂದಲಗಳ ಬೇರು. ತಾಮ್ರವನ್ನು ಮನೆಯಲ್ಲೇ ಒಂದು ಮಟ್ಟಿಗೆ ಹಿಡಿಯಬಹುದು. ಸೀಸಕ್ಕೆ ಲ್ಯಾಬೇ ಬೇಕು, ಲ್ಯಾಬಿಗೆ ಹೋಗುವ ಬಾಟಲಿಯನ್ನು ಸರಿಯಾಗಿ ತುಂಬಬೇಕು.

ಬೇಸಿನ್, ಸಿಂಕು, ಬಚ್ಚಲಿನಲ್ಲಿ ನೀಲಿ-ಹಸಿರು ಕಲೆ

ಹಗಲು ಬೆಳಕಿನಲ್ಲಿ ಬಣ್ಣ ನೋಡಿ. ಬಿಳಿ ಪದರವಾದರೆ ಗಡಸು ನೀರಿನ ಸುಣ್ಣ. ಕೆಂಪು ಅಥವಾ ಕಂದು ಕಬ್ಬಿಣ. ಕಪ್ಪು ಸಾಮಾನ್ಯವಾಗಿ ಮ್ಯಾಂಗನೀಸ್ ಇಲ್ಲವೇ ಬೂಷ್ಟು. ಕೈಗೆ ಜಾರುವ, ಬ್ರಷ್ಷಿಗೆ ಎದ್ದು ಬರುವ ಹಸಿರು ಪಾಚಿ. ಸಾಬೂನಿಗೆ ಜಗ್ಗದೆ, ನಿಂಬೆರಸಕ್ಕೋ ವಿನೆಗರ್‌ಗೋ ಕರಗುವ ನೀಲಿ-ಹಸಿರು ಕಲೆ ತಾಮ್ರದ್ದು. ಕಮೋಡಿನಲ್ಲಿ ಮಾತ್ರ ಕಾಣುತ್ತಿದ್ದರೆ ಫ್ಲಶ್ ಟ್ಯಾಂಕಿನೊಳಗೆ ಯಾರಾದರೂ ನೀಲಿ ಬಿಲ್ಲೆ ಹಾಕಿದ್ದಾರೆಯೇ ಎಂದು ಮೊದಲು ನೋಡಿ. ಪ್ಲಂಬರನ್ನು ಕರೆಸಿ, ದುಡ್ಡು ಕೊಟ್ಟ ಮೇಲೆ ಬಿಲ್ಲೆ ಸಿಗುವ ಮನೆಗಳು ಇಲ್ಲದಿಲ್ಲ.

ಮುಂದಿನದು ಜಾಗ. ತೊಟ್ಟಿಕ್ಕುವ ಒಂದೇ ನಲ್ಲಿಯ ಕೆಳಗೆ ಗೆರೆಯಂತೆ ಕಲೆಯಿದ್ದು ಉಳಿದೆಡೆ ಏನೂ ಇಲ್ಲದಿದ್ದರೆ, ಅದು ಬಹುಪಾಲು ಆ ನಲ್ಲಿಯ ಕಿಲುಬು. ವಾಷರ್ ಬದಲಿಸಿ, ಕಲೆ ತೊಳೆದು, ಎರಡು ವಾರ ಕಾಯಿರಿ. ಮನೆಯ ಎಲ್ಲ ಬೇಸಿನ್‌ಗಳಲ್ಲೂ, ಬಿಳಿ ಬಟ್ಟೆಯಲ್ಲೂ ಬಣ್ಣ ಹತ್ತುತ್ತಿದ್ದರೆ ಅದು ನೀರಿನಲ್ಲೇ ಇದೆ. ಬಟ್ಟೆ ಮತ್ತು ಪಿಂಗಾಣಿಗೆ ಕಲೆ ಹತ್ತಲು ಲೀಟರಿಗೆ ಸುಮಾರು 1 ಮಿಲಿಗ್ರಾಂ ತಾಮ್ರ ಸಾಕು. ಅಂದರೆ ಕಲೆ ಕಾಣುವಷ್ಟರಲ್ಲಿ ನೀವು ಒಪ್ಪಬಹುದಾದ ಮಿತಿಯನ್ನು ಇಪ್ಪತ್ತು ಪಟ್ಟು ದಾಟಿರುತ್ತೀರಿ.

ಕಲೆ ತಾಮ್ರದ್ದೇ ಎಂದು ಖಚಿತಪಡಿಸಿಕೊಳ್ಳಲು: ವಿನೆಗರ್‌ನಲ್ಲಿ ನೆನೆಸಿದ ಹತ್ತಿಯಿಂದ ಕಲೆಯನ್ನು ಉಜ್ಜಿ, ಹತ್ತಿಯನ್ನು ಬಿಳಿ ತಟ್ಟೆಯಲ್ಲಿಡಿ, ಮೇಲೆ ಅಮೋನಿಯಾ ದ್ರಾವಣವನ್ನು ಹನಿಹನಿಯಾಗಿ ಬಿಡಿ. ವಿನೆಗರಿನ ಹುಳಿ ತೀರುವವರೆಗೆ ಏನೂ ಆಗುವುದಿಲ್ಲ, ಆಮೇಲೆ ಕಡುನೀಲಿ ಬಂದರೆ ತಾಮ್ರ. ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರುವ ಕ್ಲೀನರ್ ಹಾಕಿದ ಜಾಗದಲ್ಲಿ ಇದನ್ನು ಮಾಡಲೇಬೇಡಿ. ಬ್ಲೀಚು ಅಮೋನಿಯಾ ಸೇರಿದರೂ ವಿಷಗಾಳಿ ಏಳುತ್ತದೆ, ಬ್ಲೀಚು ವಿನೆಗರ್ ಸೇರಿದರೂ ಅಷ್ಟೇ. ಈ ಪರೀಕ್ಷೆ ಕಲೆಯಲ್ಲಿ ತಾಮ್ರವಿದೆ ಎಂದಷ್ಟೇ ಹೇಳುತ್ತದೆ. ನೀರಿನಲ್ಲಿ ಎಷ್ಟಿದೆ ಎನ್ನುವುದು ಬೇರೆ ಪ್ರಶ್ನೆ.

ಆ ಪ್ರಶ್ನೆಗೆ ಅಗ್ಗದ ಉತ್ತರ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ತಾಮ್ರದ ಕಿಟ್. ಮೀನು, ಸೀಗಡಿ ಸಾಕುವವರಿಗೆ ತಾಮ್ರ ಶತ್ರು, ಹಾಗಾಗಿ ಈ ಕಿಟ್‌ಗಳು ಕೆಲಸಕ್ಕೆ ಬರುವಂಥವು. ಟ್ಯೂಬಿನಲ್ಲಿ ಗುರುತಿನವರೆಗೆ ನೀರು ತುಂಬಿ, ಹೇಳಿದಷ್ಟು ಹನಿ ಹಾಕಿ, ಹೇಳಿದಷ್ಟೇ ನಿಮಿಷ ಕಾದು, ಹಗಲು ಬೆಳಕಿನಲ್ಲಿ ಬಿಳಿ ಕಾಗದದ ಮೇಲೆ ಬಣ್ಣ ಹೋಲಿಸಿ. ಸಾಮಾನ್ಯವಾಗಿ ಇವು ಕಾಲು ಮಿಲಿಗ್ರಾಂ ಹಂತಗಳಲ್ಲಿ ಓದುತ್ತವೆ. 1.5 ದಾಟಿದೆಯೇ ಎಂಬುದಕ್ಕೆ ಸಾಕು, 0.05 ಒಳಗಿದೆಯೇ ಎಂಬುದಕ್ಕೆ ಸಾಲದು. ಎರಡು ಸಲ ಪರೀಕ್ಷಿಸಿ: ರಾತ್ರಿಯಿಡೀ ನಿಂತ ಮೊದಲ ನೀರು, ಐದು ನಿಮಿಷ ಬಿಟ್ಟ ಮೇಲಿನ ನೀರು. ಮೊದಲನೆಯದರಲ್ಲಿ ಬಣ್ಣ ಗಾಢ, ಎರಡನೆಯದರಲ್ಲಿ ಇಲ್ಲ ಎಂದರೆ ತಾಮ್ರ ಹುಟ್ಟುತ್ತಿರುವುದು ಮನೆಯೊಳಗೇ.

ಜೊತೆಗೆ ಪಿಎಚ್ ನೋಡಿ, ಅಂದರೆ ನೀರಿನ ಹುಳಿಯ ಅಳತೆ: 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು. 5ರಿಂದ 8ರ ನಡುವೆ ಸಣ್ಣ ಹಂತಗಳಿರುವ ಪಿಎಚ್ ಕಾಗದದ ಪಟ್ಟಿ ಕೇಳಿ ತನ್ನಿ, ಲಿಟ್ಮಸ್ ಸಾಲದು. ಈಜುಕೊಳದ ಕಿಟ್ ಬೇಡ, ಅದರ ಕೆಳಗಿನ ಅಂಚೇ 6.8. ಮಾನದಂಡ ಹೇಳುವುದು 6.5ರಿಂದ 8.5. ಕರಾವಳಿ, ಮಲೆನಾಡಿನ ಮುರಕಲ್ಲಿನ ನೆಲದ ಬಾವಿ ನೀರು 6.5ಕ್ಕಿಂತ ಕೆಳಗಿರುವುದು ಮಾಮೂಲು. ಆ ನೀರು ಮೆದು, ರುಚಿ, ಬೇಳೆ ಬೇಗ ಬೇಯುತ್ತದೆ, ಆದರೆ ಲೋಹವನ್ನು ತಿನ್ನುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರು ತದ್ವಿರುದ್ಧ: ಗಡಸಾದ್ದರಿಂದ ಪೈಪಿನೊಳಗೆ ಸುಣ್ಣದ ಪದರ ಕೂರಿಸಿ ಲೋಹವನ್ನು ಮುಚ್ಚುತ್ತದೆ. ಪಿಎಚ್ 6.5ಕ್ಕಿಂತ ಕಡಿಮೆಯಿದ್ದರೆ ಒಂದು ನಲ್ಲಿ ಬದಲಿಸಿ ಪ್ರಯೋಜನವಿಲ್ಲ. ಸುಣ್ಣಕಲ್ಲಿನ ಹರಳು ತುಂಬಿದ ಫಿಲ್ಟರ್ ಮೂಲಕ ನೀರು ಹಾಯಿಸಿ ಪಿಎಚ್ ಏರಿಸುವ ಕೆಲಸ ಬೇಕಾಗುತ್ತದೆ.

ಬಿಸಿನೀರಿನಲ್ಲಿ ಮಾತ್ರ ಬಣ್ಣ ಅಥವಾ ಕಹಿ

ತಣ್ಣೀರು ಸರಿಯಿದ್ದು ಬಿಸಿನೀರಿನ ನಲ್ಲಿಯ ಕೆಳಗೆ ಮಾತ್ರ ಕಲೆಯಿದ್ದರೆ ಕಾಯಿಸುವ ಉಪಕರಣವನ್ನೇ ನೋಡಬೇಕು. ಚಾವಣಿಯ ಸೋಲಾರ್ ಹೀಟರ್ ಗಾಜಿನ ಕೊಳವೆಗಳದ್ದೋ, ಚಪ್ಪಟೆ ಫಲಕದ್ದೋ ಹತ್ತಿ ನೋಡಿ. ಚಪ್ಪಟೆ ಫಲಕದೊಳಗೆ ಇರುವುದು ತಾಮ್ರದ ಕೊಳವೆಗಳು. ಗ್ಯಾಸ್ ಗೀಸರಿನ ಸುರುಳಿ ತಾಮ್ರ. ಹಳೆಯ ವಿದ್ಯುತ್ ಗೀಸರುಗಳಲ್ಲಿ ಒಳಟ್ಯಾಂಕೂ ತಾಮ್ರದ್ದಿರುತ್ತಿತ್ತು. ಬಿಸಿಯಾದಷ್ಟೂ ಲೋಹ ಬೇಗ ಕರಗುತ್ತದೆ.

ಒಂದೇ ಕಿಟ್‌ನಲ್ಲಿ ತಣ್ಣೀರು, ಆರಿಸಿದ ಬಿಸಿನೀರು ಎರಡನ್ನೂ ಪರೀಕ್ಷಿಸಿದರೆ ವಿಷಯ ಮುಗಿಯಿತು. ಸ್ನಾನಕ್ಕೆ, ಬಟ್ಟೆಗೆ ಈ ನೀರಿನಿಂದ ಹೇಳಿಕೊಳ್ಳುವ ತೊಂದರೆಯಿಲ್ಲ. ಆದರೆ ಗ್ಯಾಸ್ ಉಳಿಸಲು ಗೀಸರ್ ನೀರನ್ನೇ ಅನ್ನದ ಎಸರಿಗೆ, ಕಾಫಿ ಡಿಕಾಕ್ಷನ್‌ಗೆ, ಮಗುವಿನ ಹಾಲಿನ ಪುಡಿಗೆ ಬಳಸುವ ರೂಢಿ ಇದ್ದರೆ ಇಂದೇ ಬಿಡಿ. ಕುಡಿಯಲು, ಅಡುಗೆಗೆ ಯಾವತ್ತೂ ತಣ್ಣೀರಿನ ನಲ್ಲಿ. ಸೀಸಕ್ಕೂ ಇದೇ ನಿಯಮ.

ಗೀಸರನ್ನು ನೀವೇ ಬಿಚ್ಚಬೇಡಿ. ಬಿಸಿನೀರಿನ ನಲ್ಲಿ ಮುಟ್ಟಿದಾಗ ಕೈ ಜುಮ್ಮೆನ್ನುತ್ತಿದ್ದರೆ ನೀರಿನ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಮೇನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಸೋರುವ ಕರೆಂಟು ಪೈಪು ತುಕ್ಕು ಹಿಡಿಯುವುದನ್ನೂ ಹೆಚ್ಚಿಸಬಲ್ಲದು, ಆದರೆ ಆ ಹೊತ್ತಿಗೆ ಅದು ಚಿಂತೆಯೇ ಅಲ್ಲ.

ಬೆಳಗಿನ ಮೊದಲ ಲೋಟ ಕಹಿ, ಒಗರು

ತಾಮ್ರ ನಾಲಗೆಗೆ ಕಹಿಯಾಗಿ ಗೊತ್ತಾಗುವುದು ಲೀಟರಿಗೆ ಸುಮಾರು 2.5 ಮಿಲಿಗ್ರಾಂ ದಾಟಿದ ಮೇಲೆ. ಆದ್ದರಿಂದ ನಿಜವಾಗಿ ಲೋಹದ ರುಚಿ ಬಂದಿದ್ದರೆ ಕಾಯುವ ಮಾತಿಲ್ಲ: ಆ ನೀರು ಕುಡಿಯುವುದನ್ನು ನಿಲ್ಲಿಸಿ, ನಲ್ಲಿ ಬಿಟ್ಟು ಹರಿಸಿ, ಪರೀಕ್ಷೆಗೆ ಕೊಡಿ. ಕುಡಿದ ಸ್ವಲ್ಪ ಹೊತ್ತಿಗೇ ಓಕರಿಕೆ, ಹೊಟ್ಟೆನೋವು, ವಾಂತಿ ಆದರೆ ವೈದ್ಯರ ಹತ್ತಿರ ಹೋಗಿ, ಆ ನೀರಿನ ಒಂದು ಬಾಟಲಿಯನ್ನು ತೆಗೆದಿಡಿ.

ಅದಕ್ಕೆ ಮುಂಚೆ ಒಂದು ಸರಳ ವಿಚಾರಣೆ. ಆ ನೀರು ನಲ್ಲಿಯಿಂದ ನೇರ ಬಂತೋ, ತಾಮ್ರದ ಚೊಂಬಿನಲ್ಲಿ ರಾತ್ರಿ ಇಟ್ಟದ್ದೋ? ಪ್ಯೂರಿಫೈಯರ್‌ನಲ್ಲಿ ತಾಮ್ರ ಬೆರೆಸುವ ಕಾರ್ಟ್ರಿಜ್ ಇದೆಯೋ? ಈಗ ಮಾರುವ ಎಷ್ಟೋ ಆರ್‌ಒ ಯಂತ್ರಗಳು ತಾಮ್ರವನ್ನು ಬೇಕೆಂದೇ ಸೇರಿಸುತ್ತವೆ. ಆಗ ರಿಪೋರ್ಟಿನಲ್ಲಿ ತಾಮ್ರ ಕಂಡರೆ ಪೈಪಿನ ತಪ್ಪೇನಿಲ್ಲ. ತಾಮ್ರದ ಚೊಂಬಿನಲ್ಲಿ ನಿಂಬೆ ನೀರು, ಮಜ್ಜಿಗೆ, ಹುಣಸೆ ಹುಳಿ ಇಡಬಾರದು ಎಂದು ಹಿರಿಯರು ಹೇಳುತ್ತಿದ್ದುದು ಸರಿಯೇ. ಒಳಗೆ ಕಲಾಯಿ ಇಲ್ಲದ ತಾಮ್ರವನ್ನು ಹುಳಿ ಸಲೀಸಾಗಿ ಕರಗಿಸುತ್ತದೆ.

ಏನೂ ಕಾಣುತ್ತಿಲ್ಲ, ಆದರೂ ಸೀಸದ ಅನುಮಾನ

ಇಲ್ಲಿ ಲಕ್ಷಣ ನೀರಿನಲ್ಲಿ ಸಿಗುವುದಿಲ್ಲ, ಮನೆಯ ಕಟ್ಟಡದಲ್ಲಿ ಸಿಗುತ್ತದೆ. ಸೀಸದ್ದೇ ಆದ ಕೊಳವೆ ನಮ್ಮ ಮನೆಗಳಲ್ಲಿ ಅಪರೂಪ. ಇಲ್ಲಿ ಸೀಸ ಬರುವ ದಾರಿಗಳು ಬೇರೆ.

ಹಿತ್ತಾಳೆ ನಲ್ಲಿ, ವಾಲ್ವು, ಕಪ್ಲಿಂಗ್: ಕೊರೆಯಲು ಸುಲಭವಾಗಲಿ ಎಂದು ಹಿತ್ತಾಳೆಗೆ ಶೇಕಡಾ 2-3ರಷ್ಟು ಸೀಸ ಸೇರಿಸುವುದು ಹಳೆಯ ಪದ್ಧತಿ. ಮೇಲೆ ಕ್ರೋಮ್ ಹೊಳೆಯುತ್ತಿದ್ದರೂ ನೀರು ಮುಟ್ಟುವುದು ಒಳಗಿನ ಹಿತ್ತಾಳೆಯನ್ನು. ಹೊಚ್ಚಹೊಸ ನಲ್ಲಿ ಮೊದಲ ಕೆಲವು ವಾರ ಹಳೆಯದಕ್ಕಿಂತ ಹೆಚ್ಚು ಸೀಸ ಬಿಡುತ್ತದೆ. ಹೊಸ ಮನೆ, ಹೊಸ ಅಡುಗೆಮನೆ ಅಂದಮಾತ್ರಕ್ಕೆ ನಿಶ್ಚಿಂತೆ ಇಲ್ಲ.

ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು: ಒಳಗಿನ ಸತುವಿನ ಲೇಪನದಲ್ಲಿ ಸೀಸದ ಬೆರಕೆ ಇರುತ್ತಿತ್ತು. ಹಳೆಯ ಜಿಐ ತುಕ್ಕು ಹಿಡಿದಾಗ ಆ ತುಕ್ಕಿನ ಚೂರುಗಳು ಸೀಸವನ್ನು ಹೊತ್ತುಕೊಂಡು ಬರುತ್ತವೆ.

ಪಿವಿಸಿ ಪೈಪು: ಬಿಸಿಗೆ ಕೆಡದಂತೆ ಸೀಸದ ಸಂಯುಕ್ತಗಳನ್ನು ಸೇರಿಸಿ ಪೈಪು ಮಾಡುತ್ತಿದ್ದರು. ಇದಕ್ಕೆ ಕಡಿವಾಣ ಹಾಕಲು ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ನಿಯಮ ತಂದಿತು. ಅದಕ್ಕೂ ಮುಂಚಿನ ಪೈಪು ಇರುವ ಮನೆಗಳು ಊರು ತುಂಬ ಇವೆ.

ಹಳೆಯ ಬೆಸುಗೆ: ತಾಮ್ರದ ಕೊಳವೆಗೆ ಸೀಸ-ತವರದ ಬೆಸುಗೆ ಹಾಕಿದಲ್ಲಿ ಎರಡು ಲೋಹಗಳು ತಾಗಿ, ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ, ಸೀಸ ಇನ್ನೂ ಬೇಗ ಕರಗುತ್ತದೆ.

ಇವುಗಳ ಮೇಲೆ ಇನ್ನೊಂದು: ನೀರಿನ ಮೂಲ ಆಗಾಗ ಬದಲಾಗುವುದು. ಬೆಂಗಳೂರಿನ ಮನೆಗಳಲ್ಲಿ ಒಂದೇ ಸಂಪಿಗೆ ವಾರದಲ್ಲಿ ಎರಡು ದಿನ ಕಾವೇರಿ, ಉಳಿದ ದಿನ ಬೋರ್, ಬೇಸಿಗೆಯಲ್ಲಿ ಟ್ಯಾಂಕರ್. ಪೈಪಿನೊಳಗೆ ಒಂದು ನೀರು ಕೂರಿಸಿದ ಪದರವನ್ನು ಇನ್ನೊಂದು ನೀರು ಎಬ್ಬಿಸಬಲ್ಲದು. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲ ಬದಲಿಸಿ, ತುಕ್ಕು ತಡೆಯುವ ರಾಸಾಯನಿಕ ಸೇರಿಸದೆ ಹೋದಾಗ ಆದದ್ದು ಇದೇ. ಅಲ್ಲಿ ಪೈಪುಗಳೂ ಸೀಸದವಾದ್ದರಿಂದ ಅನಾಹುತ ದೊಡ್ಡದಾಯಿತು.

ಮನೆಯಲ್ಲಿ ಗರ್ಭಿಣಿ, ಪುಡಿ ಹಾಲು ಕುಡಿಯುವ ಕೂಸು, ಆರು ವರ್ಷದೊಳಗಿನ ಮಕ್ಕಳು ಇದ್ದರೆ ಮೇಲಿನದರಲ್ಲಿ ಒಂದು ಹೊಂದಿದರೂ ಪರೀಕ್ಷೆ ಮಾಡಿಸಿ. ಇಲ್ಲದವರು ಸಾವಕಾಶ ಮಾಡಬಹುದು.

ಮೀಟರ್ ಸರಿ ಎನ್ನುತ್ತದೆ, ಪಟ್ಟಿ ತಪ್ಪು ಎನ್ನುತ್ತದೆ

ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ತೋರಿಸುವ ಮೀಟರ್ ನಿಜವಾಗಿ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು. ಅದರ ಅತಿ ಸಣ್ಣ ಹಂತ 1 ಮಿಲಿಗ್ರಾಂ. ಸೀಸದ ಮಿತಿ ಅದರ ನೂರರಲ್ಲೊಂದು ಪಾಲು. 40 ತೋರಿಸುವ ನೀರಿನಲ್ಲಿ ಸೀಸ ಮಿತಿ ಮೀರಿರಬಹುದು, 900 ತೋರಿಸುವ ನೀರಿನಲ್ಲಿ ಇಲ್ಲದಿರಬಹುದು.

ಫಿಲ್ಟರ್ ಮಾರಲು ಬರುವವರು ನೀರಿನಲ್ಲಿ ಎರಡು ಕಡ್ಡಿ ಇಳಿಸಿ, ಕರೆಂಟು ಕೊಟ್ಟು, ನೀರು ಕಂದುಗಟ್ಟಿ ಗಸಿ ಏಳುವುದನ್ನು ತೋರಿಸಿದರೆ ಹೆದರಬೇಡಿ. ಆ ಗಸಿ ಕಡ್ಡಿಯ ಕಬ್ಬಿಣ ಕರಗಿ ಬಂದದ್ದು. ಆರ್‌ಒ ನೀರಿನಲ್ಲಿ ಲವಣವಿಲ್ಲದೆ ಕರೆಂಟು ಹರಿಯುವುದಿಲ್ಲ, ಅದಕ್ಕೇ ಅದು ತಿಳಿಯಾಗಿ ಉಳಿಯುತ್ತದೆ. ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಿ ಎಂದು ಕೇಳಿ ನೋಡಿ.

ಹದಿನಾಲ್ಕು, ಹದಿನಾರು ಅಂಶ ತೋರಿಸುವ ಒಂದೇ ಪಟ್ಟಿಗಳಲ್ಲಿ ತಾಮ್ರದ ಚೌಕವನ್ನು ಅಂದಾಜಿಗೆ ನಂಬಬಹುದು. ಸೀಸದ ಚೌಕ ಬೇಡ. ಅದರ ಸೊನ್ನೆಯ ನಂತರದ ಮೊದಲ ಬಣ್ಣವೇ ಬಹಳ ಸಲ ನಮ್ಮ ಮಿತಿಗಿಂತ ಮೇಲಿರುತ್ತದೆ, ಪಕ್ಕಪಕ್ಕದ ಎರಡು ಛಾಯೆಗಳನ್ನು ಕಣ್ಣು ಬೇರ್ಪಡಿಸುವುದೂ ಕಷ್ಟ. ಸೀಸಕ್ಕೆಂದೇ ಮಾಡಿದ, ಒಂದು ಗೆರೆ ಎರಡು ಗೆರೆ ತೋರಿಸುವ ಕಿಟ್‌ಗಳು ಇದಕ್ಕಿಂತ ಮೇಲು. ಆದರೆ ಅವುಗಳಲ್ಲಿ ಹಲವು ಅಮೆರಿಕದ 15 ಮೈಕ್ರೋಗ್ರಾಂ ಮಟ್ಟಕ್ಕೆ ಹೊಂದಿಸಿದವು, ನಮ್ಮ ಮಿತಿ 10 (ಅಂದರೆ 0.01 ಮಿಲಿಗ್ರಾಂ). ಕರಗಿದ ಸೀಸವನ್ನು ಮಾತ್ರ ಕಾಣುತ್ತವೆ, ಚೂರಾಗಿ ತೇಲುವ ಸೀಸವನ್ನಲ್ಲ. ಹೌದು ಎಂದು ತೋರಿಸಿದರೆ ಲ್ಯಾಬಿಗೆ ಓಡಿ, ಇಲ್ಲ ಎಂದು ತೋರಿಸಿದರೆ ಸಮಾಧಾನಪಟ್ಟುಕೊಳ್ಳಬೇಡಿ.

ಶಾಲೆಯ ಪ್ರಯೋಗದಂತೆ ಪೊಟ್ಯಾಸಿಯಂ ಅಯೋಡೈಡ್ ಹಾಕಿ ಹಳದಿ ಗಸಿ ನೋಡುವ ವಿಡಿಯೊಗಳೂ ಓಡಾಡುತ್ತಿವೆ. ಆ ಹಳದಿ ಬರಲು ನಮ್ಮ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು ಸೀಸ ಬೇಕು. ಗ್ರಾಮ ಪಂಚಾಯಿತಿಗಳಲ್ಲಿರುವ ನೀರು ಪರೀಕ್ಷೆಯ ಕಿಟ್ ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಮುಂತಾದವುಗಳಿಗೆ ಒಳ್ಳೆಯದು, ಅದರಲ್ಲಿ ಸೀಸ ಇಲ್ಲ.

ಲ್ಯಾಬಿಗೆ ಫೋನು ಮಾಡುವಾಗ

ಮೂರು ಪ್ರಶ್ನೆ ಸಾಕು. ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ, ಆ ಮಾನ್ಯತೆಯ ವ್ಯಾಪ್ತಿಯಲ್ಲಿ ನೀರಿನಲ್ಲಿ ಸೀಸ, ತಾಮ್ರ ಎರಡೂ ಬರುತ್ತವೆಯೇ? ಯಾವ ಉಪಕರಣ? ಐಸಿಪಿ-ಎಂಎಸ್ ಅಥವಾ ಗ್ರಾಫೈಟ್ ಫರ್ನೇಸ್ ಎಎಎಸ್ ಎಂದರೆ ಸರಿ. ಬರೀ ಜ್ವಾಲೆಯ ಎಎಎಸ್ ತಾಮ್ರಕ್ಕೆ ನಡೆಯುತ್ತದೆ, ಸೀಸವನ್ನು 0.01ರ ಹತ್ತಿರ ನೇರವಾಗಿ ನಂಬುವಂತೆ ಅಳೆಯಲಾರದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸೀಸವನ್ನು ಎಷ್ಟು ಕಡಿಮೆಯವರೆಗೆ ಅಂಕಿಯಾಗಿ ವರದಿ ಮಾಡುತ್ತೀರಿ? 0.001 ಎಂದರೆ ಉತ್ತಮ, 0.005 ಎಂದರೆ ಆದೀತು, 0.05 ಎಂದರೆ ಬೇರೆ ಲ್ಯಾಬು ಹುಡುಕಿ.

ಐಸಿಪಿ-ಎಂಎಸ್‌ನಲ್ಲಿ ಹಲವು ಲೋಹಗಳು ಒಂದೇ ಓಟದಲ್ಲಿ ಬರುತ್ತವೆ. ಸತು, ಕಬ್ಬಿಣ, ತವರ ಸೇರಿಸಲು ಕೇಳಿ. ಕಾರಣ ಮುಂದೆ ಗೊತ್ತಾಗುತ್ತದೆ.

ಬಾಟಲಿ ಲ್ಯಾಬಿನದೇ ಆಗಲಿ. ಕೆಲವರು ಒಳಗೆ ಮೊದಲೇ ನೈಟ್ರಿಕ್ ಆಮ್ಲ ಹಾಕಿ ಕೊಡುತ್ತಾರೆ. ಅದನ್ನು ತೊಳೆಯಬೇಡಿ, ಮಕ್ಕಳ ಕೈಗೆ ಸಿಗದಂತಿಡಿ, ತುಂಬುವಾಗ ಉಕ್ಕಿಸಬೇಡಿ. ಮೈಮೇಲೆ ಬಿದ್ದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಆಮ್ಲವಿಲ್ಲದ ಬಾಟಲಿ ಕೊಟ್ಟರೆ ಇನ್ನೂ ಒಳ್ಳೆಯದು, ಲ್ಯಾಬಿನವರೇ ಆಮೇಲೆ ಹಾಕುತ್ತಾರೆ. ಹದಿನಾಲ್ಕು ದಿನದೊಳಗೆ ಹಾಕಿದರೆ ತೊಂದರೆಯಿಲ್ಲ. ಆದರೆ ಹಾಕಿದ ಮೇಲೆ ಕನಿಷ್ಠ 16 ಗಂಟೆ ಅದೇ ಬಾಟಲಿಯಲ್ಲಿ ಬಿಡಬೇಕು, ಗೋಡೆಗೆ ಅಂಟಿದ ಸೀಸ ಮತ್ತೆ ನೀರಿಗೆ ಇಳಿಯಲಿ ಎಂದು. ಬೆಳಿಗ್ಗೆ ಕೊಟ್ಟು ಮಧ್ಯಾಹ್ನ ರಿಪೋರ್ಟು ಕೇಳುವುದು ನಮಗೇ ನಷ್ಟ.

ಬಾಟಲಿ ತುಂಬುವ ಕ್ರಮ

ತಪ್ಪುಗಳು ಹೆಚ್ಚು ಆಗುವುದು ಇಲ್ಲೇ. ಲ್ಯಾಬಿನವರೇ ಮನೆಗೆ ಬಂದು, "ನೀರು ಚೆನ್ನಾಗಿ ಬಿಟ್ಟು" ಬಾಟಲಿ ತುಂಬಿಕೊಂಡು ಹೋಗುವುದುಂಟು. ರೋಗಾಣು ಪರೀಕ್ಷೆಗೆ ಅದು ಸರಿ. ಸೀಸಕ್ಕೆ ಹಾಗೆ ಮಾಡಿದರೆ ನಾವು ಹುಡುಕುತ್ತಿರುವ ನೀರನ್ನೇ ಚರಂಡಿಗೆ ಬಿಟ್ಟಂತೆ.

ರಾತ್ರಿ ಎಂದಿನಂತೆ ನೀರು ಬಳಸಿ ಮಲಗಿ. ಕನಿಷ್ಠ ಆರು ಗಂಟೆ ಆ ನಲ್ಲಿಯನ್ನೂ, ಅದೇ ಪೈಪಿನಲ್ಲಿರುವ ಇತರ ನಲ್ಲಿ, ಫ್ಲಶ್, ವಾಷಿಂಗ್ ಮಷಿನ್ ಯಾವುದನ್ನೂ ಮುಟ್ಟಬಾರದು. ಹದಿನೆಂಟು ಗಂಟೆಗಿಂತ ಹೆಚ್ಚೂ ಬೇಡ. ಊರಿಗೆ ಹೋಗಿ ಬಂದ ದಿನದ ನೀರು ಯಾವ ಮನೆಯಲ್ಲೂ ಕೆಟ್ಟದಾಗಿಯೇ ಕಾಣುತ್ತದೆ. ನಲ್ಲಿಯ ಬಾಯಲ್ಲಿರುವ ಏರೇಟರ್ ಜಾಲರಿ ಬಿಚ್ಚಬೇಡಿ, ತೊಳೆಯಬೇಡಿ. ಫಿಲ್ಟರ್ ದಾಟದ, ತಣ್ಣೀರಿನ ಅಡುಗೆಮನೆ ನಲ್ಲಿಯೇ ಆಗಲಿ. ಬಾಯಿ ಅಗಲದ ಬಾಟಲಿ ಇಟ್ಟು, ಪಾತ್ರೆ ತುಂಬಿಸುವಾಗ ಎಷ್ಟು ಜೋರಾಗಿ ಬಿಡುತ್ತೀರೋ ಅಷ್ಟೇ ಜೋರಾಗಿ ಬಿಡಿ. ಸಣ್ಣಗೆ ಬಿಟ್ಟರೆ ಚೂರುಗಳು ಪೈಪಿನಲ್ಲೇ ಉಳಿದು ಅಂಕಿ ಸುಳ್ಳಾಗಿ ಕಡಿಮೆಯಾಗುತ್ತದೆ.

ಈಗ ಲೆಕ್ಕ. ಅಮೆರಿಕದ ಪದ್ಧತಿಯಲ್ಲಿ ಸಾಮಾನ್ಯವಾಗಿ ಮೊದಲ ಒಂದು ಲೀಟರ್ ಹಿಡಿದರೆ ಸಾಕು, ಬೀದಿಯ ಪೈಪು ನೇರ ಮನೆಯೊಳಗೆ ಬರುತ್ತದೆ. ನಮ್ಮಲ್ಲಿ ನಡುವೆ ಸಂಪು, ಪಂಪು, ಮೇಲಿನ ಟ್ಯಾಂಕು. ಹಾಗಾಗಿ ಟ್ಯಾಂಕಿನಿಂದ ನಲ್ಲಿಯವರೆಗೆ ಪೈಪಿನಲ್ಲಿ ಎಷ್ಟು ನೀರು ನಿಂತಿದೆ ಎಂದು ಅಂದಾಜು ಮಾಡಬೇಕು. ಅರ್ಧ ಇಂಚಿನ ಜಿಐ ಮೀಟರಿಗೆ ಸುಮಾರು 0.2 ಲೀಟರ್ ಹಿಡಿಯುತ್ತದೆ, ಮುಕ್ಕಾಲು ಇಂಚು 0.37, ಒಂದು ಇಂಚು 0.58. ಸಿಪಿವಿಸಿಯಲ್ಲಿ (ಬಿಸಿನೀರು ತಾಳುವ ಪ್ಲಾಸ್ಟಿಕ್ ಪೈಪು) ಅರ್ಧ ಇಂಚು 0.12, ಮುಕ್ಕಾಲು 0.26. ಉದಾಹರಣೆಗೆ ಟ್ಯಾಂಕಿನಿಂದ 12 ಮೀಟರ್ ಮುಕ್ಕಾಲಿಂಚಿನ ಜಿಐ, ಆಮೇಲೆ 3 ಮೀಟರ್ ಅರ್ಧ ಇಂಚು ಎಂದರೆ ಒಟ್ಟು ಸುಮಾರು 5 ಲೀಟರ್. ಆ ಮನೆಯಲ್ಲಿ ಹೀಗೆ ತುಂಬಿ:

ಒಂದನೇ ಬಾಟಲಿ: ನಲ್ಲಿ ತಿರುಗಿಸಿದ ಕ್ಷಣದ ಮೊದಲ 250 ಮಿಲಿಲೀಟರ್. ಇದು ನಲ್ಲಿಯದು.
ಎರಡನೇ ಬಾಟಲಿ: ನಿಲ್ಲಿಸದೆ ಮುಂದಿನ 500 ಮಿಲಿಲೀಟರ್. ಇದು ಗೋಡೆಯೊಳಗಿನ ಪೈಪು, ಆಂಗಲ್ ವಾಲ್ವು, ಬೆಸುಗೆಗಳದು.
ನಂತರ 1.75 ಲೀಟರ್ ಬಕೆಟ್ಟಿಗೆ ಬಿಟ್ಟು, ಮೂರನೇ ಬಾಟಲಿಗೆ 500 ಮಿಲಿಲೀಟರ್. ಇದು ಟ್ಯಾಂಕಿನಿಂದ ಇಳಿದ ಪೈಪಿನದು.
ಒಟ್ಟು 15 ಲೀಟರ್ ಹೋಗುವವರೆಗೆ ಬಿಟ್ಟು, ನಾಲ್ಕನೇ ಬಾಟಲಿಗೆ 500 ಮಿಲಿಲೀಟರ್. ಇದು ಟ್ಯಾಂಕಿನ ನೀರು.
ಐದನೆಯದನ್ನು ಬೋರ್‌ವೆಲ್ ಪಂಪಿನ ಬಾಯಿಂದ ಅಥವಾ ಸಂಪಿಗೆ ಬೀಳುವ ನೀರಿನಿಂದ.

ಬಕೆಟ್ಟಿನ ನೀರು ನೆಲ ಒರೆಸಲು, ಗಿಡಕ್ಕೆ ಆಗುತ್ತದೆ. ಬಾಟಲಿಗಳ ಮೇಲೆ ಸಂಖ್ಯೆ, ದಿನ, ನಿಂತ ಗಂಟೆ, ಆವತ್ತು ಸಂಪಿನಲ್ಲಿ ಕಾವೇರಿಯೋ ಬೋರೋ ಟ್ಯಾಂಕರೋ ಬರೆದಿಡಿ. ಐದನ್ನೂ ಪರೀಕ್ಷಿಸಲು ದುಬಾರಿ ಎನಿಸಿದರೆ ಒಂದು ಮತ್ತು ನಾಲ್ಕನ್ನು ಮಾತ್ರ ಮೊದಲು ಮಾಡಿಸಿ, ಉಳಿದವಕ್ಕೆ ಆಮ್ಲ ಹಾಕಿಸಿ ಲ್ಯಾಬಿನಲ್ಲೇ ಇಡಿಸಿ. ಆಮ್ಲ ಹಾಕಿದ ಲೋಹದ ಮಾದರಿ ಆರು ತಿಂಗಳು ಕೆಡುವುದಿಲ್ಲ.

ರಿಪೋರ್ಟ್ ಬಂತು, ಅರ್ಥವಾಗಲಿಲ್ಲ

ಮೊದಲು ಮಾಪನ ನೋಡಿ. 0.01 ಮಿಲಿಗ್ರಾಂ, 10 ಮೈಕ್ರೋಗ್ರಾಂ, 10 ಪಿಪಿಬಿ ಮೂರೂ ಒಂದೇ. ಬಿಡಿಎಲ್ ಎಂದು ಬರೆದಿದ್ದರೆ ಪತ್ತೆಯಾಗುವ ಮಟ್ಟಕ್ಕಿಂತ ಕೆಳಗೆ ಎಂದರ್ಥ, ಆ ಮಟ್ಟ ಎಷ್ಟು ಎಂದು ಪಕ್ಕದಲ್ಲಿ ಇರಲೇಬೇಕು. 0.05ರ ಲ್ಯಾಬು ಕೊಟ್ಟ ಬಿಡಿಎಲ್‌ನೊಳಗೆ ಮಿತಿಯ ನಾಲ್ಕು ಪಟ್ಟು ಸೀಸ ಅಡಗಿರಬಹುದು.

ಮೊದಲ ಬಾಟಲಿಯಲ್ಲಿ ಹೆಚ್ಚು, ಉಳಿದವುಗಳಲ್ಲಿ ಇಲ್ಲ: ನಲ್ಲಿಯೇ ಕಾರಣ. ಎಲ್ಲಕ್ಕಿಂತ ಅಗ್ಗದ ರಿಪೇರಿ ಇದು. ಹೊಸದು ಬರುವವರೆಗೆ ಬೆಳಿಗ್ಗೆ ಮೊದಲ ಒಂದು ಲೀಟರನ್ನು ಪಾತ್ರೆ ತೊಳೆಯಲು ಬಳಸಿ. ಎರಡರಲ್ಲಿ ಅಥವಾ ಮೂರರಲ್ಲಿ ಮಾತ್ರ ಹೆಚ್ಚು: ಆ ಭಾಗದ ಪೈಪು, ವಾಲ್ವು. ನಾಲ್ಕನೆಯದರಲ್ಲೂ ಹೆಚ್ಚು, ಐದನೆಯದರಲ್ಲಿ ಇಲ್ಲ: ಸಂಪು, ಪಂಪು, ಮೇಲೇರುವ ಪೈಪು, ಟ್ಯಾಂಕಿನ ತಳದ ಗಸಿ. ಐದರಲ್ಲೇ ಹೆಚ್ಚು: ಮೂಲದ ನೀರು ಅಥವಾ ಬೋರಿನೊಳಗಿನ ಪಂಪು, ಪೈಪು. ಮನೆಯೊಳಗೆ ಏನು ಬದಲಿಸಿದರೂ ಇದು ಹೋಗುವುದಿಲ್ಲ.

ಜೊತೆಯ ಲೋಹಗಳು ಸಾಕ್ಷಿ ಹೇಳುತ್ತವೆ. ಸೀಸದೊಂದಿಗೆ ತಾಮ್ರ, ಸತು ಏರಿದ್ದರೆ ಹಿತ್ತಾಳೆ. ಸೀಸ, ತವರ ಎಂದರೆ ಬೆಸುಗೆ. ಸೀಸ, ಸತು, ಕಬ್ಬಿಣ ಒಟ್ಟಿಗೆ ಏರಿದರೆ ಜಿಐ. ಈ ಯಾವುದೂ ಏರದೆ ಸೀಸವೊಂದೇ ಇದ್ದರೆ ಹಳೆಯ ಪಿವಿಸಿ ಪೈಪಿನ ಮೇಲೆ ಕಣ್ಣಿಡಿ.

ಒಂದು ಸಲ ಹೆಚ್ಚು, ಇನ್ನೊಂದು ಸಲ ಏನೂ ಇಲ್ಲ

ಲ್ಯಾಬು ತಪ್ಪು ಮಾಡಿತು ಎನ್ನುವ ಮುಂಚೆ ಚೂರುಗಳನ್ನು ನೆನೆಯಿರಿ. ಕರಗಿದ ಸೀಸ ದಿನವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಬರುತ್ತದೆ. ತುಕ್ಕಿನ, ಬೆಸುಗೆಯ ಚೂರು ಬಂದ ದಿನ ಬರುತ್ತದೆ. ಜಾಲರಿ ಬಿಚ್ಚಿ ಬಿಳಿ ತಟ್ಟೆಯಲ್ಲಿ ಕೊಡವಿ. ಆಯಸ್ಕಾಂತಕ್ಕೆ ಹಿಡಿಯುವ ಕಂದು ಪುಡಿ ಜಿಐ ತುಕ್ಕು. ಹಿಡಿಯದ, ಉಗುರಿಗೆ ಮೆತ್ತಗಿರುವ ಬೂದು ಚೂರು ಬೆಸುಗೆ ಇರಬಹುದು. ಅದನ್ನು ಪೊಟ್ಟಣ ಕಟ್ಟಿ ಲ್ಯಾಬಿಗೇ ಕೊಡಿ, ಕೈ ತೊಳೆದುಕೊಳ್ಳಿ. ಅದೇ ಮಾದರಿಯನ್ನು ಸೋಸಿ ಒಮ್ಮೆ, ಸೋಸದೆ ಒಮ್ಮೆ ಅಳೆಯಲು ಕೇಳಬಹುದು. ಎರಡರ ನಡುವಿನ ವ್ಯತ್ಯಾಸವೇ ಚೂರಿನ ಪಾಲು. ಪಕ್ಕದಲ್ಲಿ ರಸ್ತೆ ಅಗೆದಿದ್ದರೆ, ಪ್ಲಂಬರ್ ಪೈಪು ಕೊಯ್ದು ಹೋಗಿದ್ದರೆ ಇಂಥದ್ದು ಹೆಚ್ಚು. ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ, ಆದರೆ ಪರೀಕ್ಷೆಯ ಹಿಂದಿನ ದಿನವಲ್ಲ.

ಆರ್‌ಒ ನೀರಿನಲ್ಲೂ ಸೀಸ ಬಂತು

ಸುಸ್ಥಿತಿಯಲ್ಲಿರುವ ಆರ್‌ಒ ಪೊರೆ ಸೀಸದ ಬಹುಪಾಲನ್ನು ತೆಗೆಯುತ್ತದೆ. ಆದರೂ ಬಂದಿದ್ದರೆ ಮೂರು ಕಡೆ ನೋಡಿ. ಪೊರೆ ಹಳತಾಗಿದೆಯೇ: ಒಳಹೋಗುವ, ಹೊರಬರುವ ನೀರಿನ ಟಿಡಿಎಸ್ ಹೋಲಿಸಿ, ಮೀಟರ್ ಉಪಯೋಗಕ್ಕೆ ಬರುವುದು ಇಲ್ಲಿ. ರುಚಿಗೆಂದು ಕಚ್ಚಾ ನೀರನ್ನು ಬೆರೆಸುವ ಟಿಡಿಎಸ್ ಕಂಟ್ರೋಲರ್ ತೆರೆದಿದೆಯೇ: ಬೆರೆತ ನೀರಿನೊಂದಿಗೆ ಸೀಸವೂ ಬರುತ್ತದೆ. ಆರ್‌ಒ ನೀರನ್ನು ಹಿತ್ತಾಳೆ ನಲ್ಲಿಗೆ ಜೋಡಿಸಿದ್ದಾರೆಯೇ: ಲವಣ ತೆಗೆದ ನೀರು ಲೋಹಕ್ಕೆ ಹೆಚ್ಚು ಹಸಿದಿರುತ್ತದೆ, ಅಲ್ಲಿ ಪ್ಲಾಸ್ಟಿಕ್ ಅಥವಾ ಸ್ಟೀಲ್ ನಲ್ಲಿಯೇ ಇರಬೇಕು.

ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರ ಕರಗಿದ ಸೀಸವನ್ನು ತೆಗೆಯುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಸೀಸ ಉಳಿಯುತ್ತದೆ. ಒಂದು ಲೀಟರನ್ನು ಅರ್ಧಕ್ಕೆ ಇಳಿಸಿದರೆ ಸಾಂದ್ರತೆ ಇಮ್ಮಡಿ.

ನೀವು ನಿಲ್ಲಿಸಿ ಬೇರೆಯವರನ್ನು ಕರೆಯಬೇಕಾದಲ್ಲಿ

ಯಾವುದೇ ಬಾಟಲಿಯಲ್ಲಿ ಸೀಸ 0.01 ದಾಟಿದ್ದರೆ ರಿಪೇರಿಗೆ ಕಾಯದೆ ಮಕ್ಕಳಿಗೆ, ಗರ್ಭಿಣಿಗೆ ಬೇರೆ ನೀರು ಕೊಡಿ. ಮಕ್ಕಳ ವೈದ್ಯರನ್ನು ಕೇಳಿ ರಕ್ತದ ಸೀಸ ಪರೀಕ್ಷೆ ಮಾಡಿಸಿ, ಬೆರಳ ತುದಿಯ ಹನಿಗಿಂತ ರಕ್ತನಾಳದಿಂದ ತೆಗೆದದ್ದು ನಂಬಿಕಸ್ತ. 100 ಮಿಲಿಲೀಟರ್ ರಕ್ತಕ್ಕೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತಡೆಯಬೇಕೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದಲ್ಲಿ ಹೆಚ್ಚಿದ್ದು ನೀರಿನಲ್ಲಿ ಇಲ್ಲದಿದ್ದರೆ ಹಳೆಯ ಬಣ್ಣದ ಪುಡಿ, ಸೀಸ ಬೆರೆತ ಕಲಾಯಿ, ಬಣ್ಣ ಕಟ್ಟಿದ ಅರಿಸಿನ, ಕೆಲವು ಭಸ್ಮದ ಔಷಧಿಗಳ ಕಡೆ ತಿರುಗಬೇಕು. ಮನೆಯಲ್ಲಿ ಯಾರಿಗಾದರೂ ವಿಲ್ಸನ್ ಕಾಯಿಲೆ (ಮೈಯಲ್ಲಿ ತಾಮ್ರ ಶೇಖರವಾಗುವ ಕಾಯಿಲೆ) ಇದ್ದರೆ ತಾಮ್ರದ ಮಿತಿಯನ್ನು ಅವರ ವೈದ್ಯರೇ ಹೇಳಬೇಕು.

ಹಳೆಯ ಮನೆಯಲ್ಲಿ ಜಿಐ ಪೈಪನ್ನು ಕಿತ್ತು ಪ್ಲಾಸ್ಟಿಕ್ ಹಾಕಿಸುವ ಮುಂಚೆ ಎಲೆಕ್ಟ್ರಿಷಿಯನ್ ಬಂದು ನೋಡಲಿ. ಅರ್ಥಿಂಗನ್ನು ಅದೇ ಪೈಪಿಗೆ ಕಟ್ಟಿದ್ದರೆ, ಪೈಪು ತುಂಡಾದ ಕ್ಷಣ ಮನೆಗೆ ಅರ್ಥಿಂಗೇ ಇಲ್ಲವಾಗುತ್ತದೆ.

ಅಮೆರಿಕದಲ್ಲಿ ಮನೆ ಕೊಂಡವರಿಗೆ

ಅಲ್ಲಿ ಬೀದಿಯಿಂದ ಮನೆಗೆ ಬರುವ ಕೊಳವೆಯೇ ಸೀಸದ್ದಿರಬಹುದು. ನೆಲಮಾಳಿಗೆಯಲ್ಲಿ ಮೀಟರಿನ ಹತ್ತಿರ ಕೊಳವೆಯನ್ನು ನಾಣ್ಯದಿಂದ ಮೆಲ್ಲಗೆ ಗೀರಿ: ಬೆಳ್ಳಿಯಂತೆ ಹೊಳೆದು, ಮೆತ್ತಗಿದ್ದು, ಆಯಸ್ಕಾಂತ ಹಿಡಿಯದಿದ್ದರೆ ಸೀಸ. ತಾಮ್ರದ ಬಣ್ಣವಾದರೆ ತಾಮ್ರ, ಆದರೆ 1986ಕ್ಕೂ ಹಿಂದಿನ ಮನೆಯಾದರೆ ಬೆಸುಗೆಯಲ್ಲಿ ಸೀಸವಿರಬಹುದು. 2014ಕ್ಕೂ ಮುಂಚಿನ ನಲ್ಲಿಗಳನ್ನು ಸೀಸ ಕಾಲು ಶೇಕಡಾ ಮೀರಬಾರದೆಂಬ ಈಗಿನ ನಿಯಮದಡಿ ಮಾಡಿರಲಿಕ್ಕಿಲ್ಲ. ಸೀಸದ ಕೊಳವೆ ಇದ್ದರೆ ಮೊದಲ ಲೀಟರ್ ಜೊತೆಗೆ ಐದನೇ ಲೀಟರನ್ನೂ ಹಿಡಿಯಿರಿ, ಕೊಳವೆಯಲ್ಲಿ ನಿಂತ ನೀರು ಅಲ್ಲಿಗೆ ಬರುತ್ತದೆ. ನೀರು ಸರಬರಾಜು ಮಾಡುವವರಿಗೆ ಒಂದು ಫೋನು ಮಾಡಿ ನೋಡಿ, ಎಷ್ಟೋ ಊರುಗಳಲ್ಲಿ ಬಾಟಲಿ, ಪರೀಕ್ಷೆ ಎರಡೂ ಉಚಿತ.

ರಿಪೇರಿ ಆದ ಮೇಲೆ

ಹೊಸ ನಲ್ಲಿ ಹಾಕಿದ ಮರುದಿನ ಬಾಟಲಿ ಒಯ್ಯಬೇಡಿ. ಜಾಲರಿ ಬಿಚ್ಚಿ ಎಲ್ಲ ನಲ್ಲಿಗಳನ್ನೂ ಪೂರ್ತಿ ತೆರೆದು ಚೂರುಗಳನ್ನು ಹರಿಸಿ, ನಾಲ್ಕರಿಂದ ಆರು ವಾರ ಎಂದಿನಂತೆ ಬಳಸಿ. ಆಮೇಲೆ ಅದೇ ನಲ್ಲಿ, ಅಷ್ಟೇ ಗಂಟೆ ನಿಂತ ನೀರು, ಅದೇ ಲ್ಯಾಬು, ಸಾಧ್ಯವಾದರೆ ಸಂಪಿನಲ್ಲಿ ಅದೇ ಮೂಲದ ನೀರು ಇರುವ ದಿನ, ಒಂದನೇ ಮತ್ತು ನಾಲ್ಕನೇ ಬಾಟಲಿಗಳನ್ನು ಮತ್ತೆ ತುಂಬಿ. ಅಲ್ಲಿಯವರೆಗೆ ಕುಡಿಯುವ ನೀರು ಆರ್‌ಒದಿಂದಲೋ ಬೇರೆ ಮೂಲದಿಂದಲೋ ಬರಲಿ.